ನೆಲ ಒರೆಸುವ ಸೀಸೆ

ಮೂಗು ಮೇಸ್ತ್ರಿಗೆ ಆ ಹೆಸರು ಬಂದದ್ದು ಮೂಗು ದೊಡ್ಡದಿದೆ ಅಂತಲ್ಲ. ಹಾಗೆ ನೋಡಿದರೆ ಅವನದು ಮುಖದ ನಡುವೆ ಯಾರೋ ಮರೆತು ಬಿಟ್ಟುಹೋದಂಥ ಸಣ್ಣ ಮೂಗು. ಆದರೆ ಎಣ್ಣೆ ಬಟ್ಟಿ ಇಳಿಸುವವರ ಆ ಬೀದಿಯಲ್ಲಿ ಅದರ ತೀರ್ಪಿಗೆ ಎದುರಾಡುವವರಿರಲಿಲ್ಲ. ಸೀಸೆಯ ಬಿರಡೆ ತೆಗೆದು ಒಮ್ಮೆ ಉಸಿರೆಳೆದರೆ ಸಾಕು, ಹುಲ್ಲು ಹಸಿಯಿತ್ತೋ ಬಾಡಿತ್ತೋ, ಉರಿ ಹೆಚ್ಚಾಯಿತೋ, ಹಂಡೆಯ ತಳ ಸೀದಿತ್ತೋ, ಎಲ್ಲ ಹೇಳುತ್ತಿದ್ದ. ಪಕ್ಕದ ಬಟ್ಟಿಯವನು ಒಮ್ಮೆ ಲವಂಗದೆಲೆಯ ಎಣ್ಣೆಗೆ ಒಂದು ಚಮಚ ಸೀಮೆಎಣ್ಣೆ ಬೆರೆಸಿ ತಂದು ಪರೀಕ್ಷೆಗೆ ಇಟ್ಟನಂತೆ. ಮೇಸ್ತ್ರಿ ಮೂಸಿ, "ಸೀಮೆಎಣ್ಣೆ ಇರಲಿ, ಚಮಚಕ್ಕೆ ಈರುಳ್ಳಿ ಮೆತ್ತಿತ್ತು, ತೊಳೆದಿಲ್ಲ ನೀನು" ಅಂದನಂತೆ. ಇದರಲ್ಲಿ ನಡೆದದ್ದೆಷ್ಟು, ಬೀದಿ ಸೇರಿಸಿದ್ದೆಷ್ಟು ಹೇಳುವುದು ಕಷ್ಟ. ಹಾಲು ಒಡೆದಿದೆ ಅಂತ ಕುಡಿದ ಮೇಲೆ ತಿಳಿಯುವ ನಮ್ಮಂಥವರು ನಂಬಿಕೊಂಡಿರುವುದೇ ಕ್ಷೇಮ.

ಮೂಗಿಗಿಂತ ದೊಡ್ಡದು ಅವನ ಮರ್ಯಾದೆ. ಅಪ್ಪನ ಕಾಲದಿಂದ ಆ ಮನೆಗೆ ಎರಡು ವ್ರತ. ಎಣ್ಣೆಗೆ ಬೆರಕೆ ಮಾಡಬಾರದು, ಅಳತೆಯಲ್ಲಿ ಕಡಿಮೆ ಕೊಡಬಾರದು. ಈ ಎರಡು ವ್ರತ ಒಂದು ದಿನ ಬಾಗಿಲಲ್ಲಿ ನಿಂತು ಜಗಳವಾಡಬಹುದು ಅನ್ನುವುದು ಅವನಿಗೆ ಐವತ್ತೆರಡು ವರ್ಷದವರೆಗೆ ಹೊಳೆದಿರಲಿಲ್ಲ.

ಮನೆಯೆಂದರೆ ಎರಡು ಕೋಣೆ, ಹಿಂದೆ ತಗಡಿನ ಚಪ್ಪರ. ಚಪ್ಪರದಡಿಯಲ್ಲಿ ತಾಮ್ರದ ಹಂಡೆ, ಹಂಡೆಯ ನೆತ್ತಿಯಿಂದ ಹೊರಟು ತಣ್ಣೀರಿನ ತೊಟ್ಟಿಯೊಳಗೆ ಸುರುಳಿ ಸುತ್ತಿ ಹೊರಬರುವ ಕೊಳವೆ, ಅದರ ಬಾಯಿಗೆ ಕಾದು ಕುಳಿತ ಪಾತ್ರೆ. ಹುಲ್ಲು ಬೆಂದ ಹಬೆ ಈ ದಾರಿಯಲ್ಲಿ ತಣ್ಣಗಾಗಿ ಪಾತ್ರೆಗೆ ಬೀಳುವಾಗ ನೀರು ಕೆಳಗೆ, ಎಣ್ಣೆ ಮೇಲೆ. ಆ ಎಣ್ಣೆಯನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಸೀಸೆಗೆ ತುಂಬುವುದು ಮೇಸ್ತ್ರಿಯ ಕೆಲಸ. ಪಾತ್ರೆಯ ಅಂಚಿಗೆ ಅಂಟಿದ್ದು, ಕೊನೆಯಲ್ಲಿ ಕದಡಿಹೋದದ್ದು, ಮಾರಲು ನಾಚಿಕೆಯಾಗುವಂಥದ್ದು ಎಲ್ಲ ಮೂಲೆಯಲ್ಲಿದ್ದ ದಪ್ಪ ನೀಲಿ ಸೀಸೆಗೆ. ಇವತ್ತು ನಿಂಬೆಹುಲ್ಲಿನ ಉಳಿಕೆ, ನಾಳೆ ಲವಂಗದೆಲೆಯ ಉಳಿಕೆ, ಮೊನ್ನೆ ದಾಲ್ಚಿನ್ನಿ ಎಲೆಯದು. ಅಂಥ ಸೀಸೆ ಬೀದಿಯ ಪ್ರತಿ ಬಟ್ಟಿಯಲ್ಲೂ ಇತ್ತು. ನೆಲ ಒರೆಸುವ ನೀರಿಗೆ ಅದರಿಂದ ನಾಲ್ಕು ಹನಿ ಹಾಕುತ್ತಿದ್ದರು. ಹಾಗಾಗಿ ಆ ಬೀದಿಯಲ್ಲಿ ಮನುಷ್ಯರಿಗಿಂತ ನೆಲಗಳೇ ಘಮಘಮ.

ಮೇಸ್ತ್ರಿಯ ಹೆಂಡತಿಗೆ ಕ್ಷಯ ಬಂದದ್ದು ಮೂರು ವರ್ಷದ ಹಿಂದೆ. ಆರು ತಿಂಗಳು ಮಾತ್ರೆ ತಿಂದಳು, ಹೋಯಿತು ಅಂದರು. ವರ್ಷಕ್ಕೆ ಮತ್ತೆ ಬಂತು. ಈ ಸಲ ಬಂದದ್ದು ಮಾಮೂಲಿ ಮಾತ್ರೆಗೆ ಬಗ್ಗದ ಜಾತಿ ಅಂತ ಆಸ್ಪತ್ರೆಯಲ್ಲಿ ಹೇಳಿದಾಗ ಅವಳು ಮುಖಕ್ಕೆ ಕಟ್ಟಿದ ಬಟ್ಟೆಯೊಳಗಿಂದಲೇ, "ನಾನು ಅತ್ತೆ ಮಾತಿಗೇ ಬಗ್ಗಿದೋಳಲ್ಲ, ನನ್ನೊಳಗೆ ಬೆಳೆದದ್ದು ಬಗ್ಗುತ್ತಾ?" ಅಂದಳು. ಡಾಕ್ಟರು ನಗಲಿಲ್ಲ. ಬೇರೆ ಏಳು ಮಾತ್ರೆ, ದಿನಾ, ಒಂದೂವರೆ ವರ್ಷ ಅಂತ ಬರೆದರು. "ಒಂದು ದಿನವೂ ತಪ್ಪಬಾರದು. ಇದಾದ ಮೇಲೆ ನಮ್ಮ ಹತ್ತಿರ ಹೆಚ್ಚೇನಿಲ್ಲ" ಅಂದರು.

ಆ ಏಳು ಮಾತ್ರೆ ಅವಳನ್ನು ಬೇರೆ ಹೆಂಗಸನ್ನಾಗಿ ಮಾಡಿದವು. ಮೈ ಬಣ್ಣ ಹೊಗೆ ಹಿಡಿದ ಗೋಡೆಯಂತಾಯಿತು. ಅಂಗಾಲು ಕೆಂಡ ತುಳಿದ ಹಾಗೆ ಉರಿಯಿತು. ಏನು ಬಾಯಿಗಿಟ್ಟರೂ, "ನಿಮ್ಮ ಹಂಡೆ ನೆಕ್ಕಿದ ಹಾಗಿದೆ ಕಣ್ರೀ" ಅನ್ನುತ್ತಿದ್ದಳು. ಆದರೂ ಎಂಟು ತಿಂಗಳು ಒಂದು ದಿನ ತಪ್ಪಿಸದೆ ನುಂಗಿದಳು. ಮೊದಮೊದಲು ಮಾತ್ರೆ ಅಕ್ಕ, ಅಂದರೆ ಕ್ಷಯದವರ ಮನೆಮನೆಗೆ ಹೋಗಿ ಮಾತ್ರೆ ನುಂಗಿಸುವ ಆರೋಗ್ಯ ಕಾರ್ಯಕರ್ತೆ, ದಿನಾ ಬಂದು ಎದುರು ನಿಂತು ಬಾಯಿ ತೆರೆಸಿ ನೋಡುತ್ತಿದ್ದಳು. ಆಮೇಲೆ, "ನಿನ್ನಂಥೋಳು ಹತ್ತು ಜನ ಇದ್ರೆ ನಾನು ಚಪ್ಪಲಿ ಸವೆಸೋದು ತಪ್ಪುತ್ತಿತ್ತು ಕಣೇ" ಅಂತ ಹೊಗಳಿ, ವಾರಕ್ಕಾಗುವಷ್ಟು ಒಟ್ಟಿಗೆ ಕೊಡತೊಡಗಿದಳು. ಸೋಮವಾರ ಬರುವುದು, ಮಾತ್ರೆಯ ಖಾಲಿ ಹಾಳೆ ನೋಡುವುದು, ಉಗುಳುವ ಮುಚ್ಚಳದ ಡಬ್ಬಿಗೆ ಹಾಕಲು ಫಿನಾಯಿಲ್ ಕೊಡುವುದು, ಹೋಗುವುದು.

ಆರನೆಯ ತಿಂಗಳಲ್ಲಿ ಲ್ಯಾಬ್ ಮೇಡಂ ಬಂದರು. ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಮಾತ್ರೆಗೆ ಬಗ್ಗದ ಕ್ಷಯದ ಕ್ರಿಮಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಗಿಡಮೂಲಿಕೆಯ ಎಣ್ಣೆ ಏನು ಮಾಡುತ್ತೆ ಅಂತ ಅವರು ನೋಡುತ್ತಿದ್ದರು. ನಿಂಬೆಹುಲ್ಲಿನ ಎಣ್ಣೆ ಒಂದು ಸೀಸೆ ಬೇಕಿತ್ತು. ಕುತ್ತಿಗೆಯ ಗೆರೆವರೆಗೆ ತುಂಬಿರಬೇಕು, ಮೊಹರು ಹಾಕಿರಬೇಕು.

"ಒಂದೇ ಸಲ ಇಳಿಸಿದ್ದಾಗಿರಲಿ. ಬೇರೇನೂ ಸೇರಬಾರದು" ಅಂದರು ಮೇಡಂ.

"ಮೀನಿಗೆ ಈಜು ಹೇಳಿಕೊಡ್ತಿದೀರಿ ಮೇಡಂ" ಅಂದ ಮೇಸ್ತ್ರಿ.

ಹುಲ್ಲು ಬಂದ ದಿನವೇ ಹೆಂಡತಿಗೆ ವಾಂತಿ ಹತ್ತಿತು. ಮೂರು ದಿನ ಆಸ್ಪತ್ರೆಗೂ ಮನೆಗೂ ಓಡಾಡುವಷ್ಟರಲ್ಲಿ ಹುಲ್ಲು ಚಪ್ಪರದಡಿ ಬಾಡಿತು. ಬಾಡಿದ ಹುಲ್ಲು ಬಡವರ ಮನೆಯ ಹಸು ಇದ್ದ ಹಾಗೆ, ಎಷ್ಟು ಹಿಂಡಿದರೂ ಅಷ್ಟೇ. ಎಣ್ಣೆ ಗೆರೆಗಿಂತ ಎರಡು ಬೆರಳು ಕೆಳಗೆ ನಿಂತುಬಿಟ್ಟಿತು. ಹೊರಗೆ ಆಸ್ಪತ್ರೆಯ ಜೀಪು ಬಂದು ಹಾರ್ನ್ ಹೊಡೆಯಿತು. ಒಳಗೆ ಹೆಂಡತಿ ಕೆಮ್ಮಿದಳು. ಮೇಸ್ತ್ರಿ ಎರಡು ವ್ರತಗಳ ಮಧ್ಯೆ ನಿಂತು ಬೆವರಿದ. ಅಳತೆ ಕಡಿಮೆಯಾದರೆ ಮೇಡಂ ಕಣ್ಣಿಗೆ ಬೀಳುತ್ತೆ, ಬೆರಕೆಯಾದರೆ ಅವನ ಮೂಗಿಗೆ ಮಾತ್ರ ಗೊತ್ತಾಗುತ್ತೆ. ಕೈ ತಾನಾಗಿಯೇ ನೀಲಿ ಸೀಸೆಯ ಕಡೆ ಹೋಯಿತು. ಎರಡೇ ಬೆರಳು. ಅದೂ ಗಿಡದ್ದೇ, ಎಲೆಯದ್ದೇ, ನಮ್ಮ ಹಂಡೆಯದ್ದೇ. ಮೂಸಿ ನೋಡಿದ. ನಿಂಬೆಹುಲ್ಲು, ಹಿಂದೆ ಸ್ವಲ್ಪ ಲವಂಗ, ಅದರ ಹಿಂದೆ ದಾಲ್ಚಿನ್ನಿ. ಬಿರಡೆ ಹಾಕಿ ಮೊಹರು ಒತ್ತಿದ.

ಕ್ಷಯದ ಕ್ರಿಮಿ ಸೋಮಾರಿ, ತಟ್ಟೆಯಲ್ಲಿ ಬೆಳೆಯಲು ವಾರಗಟ್ಟಲೆ ತೆಗೆದುಕೊಳ್ಳುತ್ತೆ. ಆರು ವಾರವಾದ ಮೇಲೆ ಮೇಡಂ ಅವನನ್ನು ಕರೆಸಿ, ಓಣಿಯಂಥ ಜಾಗದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ತಟ್ಟೆಯಲ್ಲಿ ಹೂಕೋಸಿನ ಚೂರು ಉದುರಿಸಿದ ಹಾಗೆ ಕ್ರಿಮಿ. ಇನ್ನೊಂದು ಬೋಳು, ತೊಳೆದಿಟ್ಟಂತೆ.

"ಬೋಳಾಗಿರೋದು ನಿಮ್ಮ ಎಣ್ಣೆ ಹಾಕಿದ್ದು" ಅಂದರು ಮೇಡಂ. "ನಾನು ಇಷ್ಟು ಚೆನ್ನಾಗಿ ಆದದ್ದನ್ನ ನೋಡಿಲ್ಲ. ಆದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ತಟ್ಟೆಯಲ್ಲಿ ಸತ್ತದ್ದು ಎದೆಯಲ್ಲಿ ಸಾಯಬೇಕು ಅಂತಿಲ್ಲ. ಮತ್ತೆ ಮಾಡಿ ನೋಡಬೇಕು, ಇಲಿಗೆ ಕೊಡಬೇಕು, ವರ್ಷಗಟ್ಟಲೆ ಹಿಡಿಯುತ್ತೆ. ಮನೆಯವರಿಗೆ ಕುಡಿಸೋಕೆ ಹೋಗಬೇಡಿ. ಅವರ ಮಾತ್ರೆ ಒಂದೂ ತಪ್ಪಬಾರದು."

ಮೇಸ್ತ್ರಿ ತಲೆಯಾಡಿಸಿದ. ಬಸ್ಸು ಹತ್ತಿದ. ಆ ಮಾತಿನ ಮೊದಲರ್ಧವನ್ನು ಎದೆಗೊತ್ತಿ ಹಿಡಿದುಕೊಂಡ. ಎರಡನೆಯ ಅರ್ಧ ಬಸ್ಸಿನ ಸೀಟಿನಡಿ ಎಲ್ಲೋ ಬಿದ್ದುಹೋಯಿತು, ಕೊಡೆ ಬಿದ್ದುಹೋಗುವ ಹಾಗೆ.

"ಸತ್ತಿತು ಕಣೇ" ಅಂದ, ಕೋಣೆಯ ಹೊಸ್ತಿಲಲ್ಲಿ ನಿಂತು. ಅವಳ ಕೋಣೆಯ ಕಿಟಕಿ ಯಾವಾಗಲೂ ತೆರೆದಿರಬೇಕು, ಅವನು ಹೊಸ್ತಿಲಲ್ಲೇ ನಿಲ್ಲಬೇಕು ಅಂತ ಮಾತ್ರೆ ಅಕ್ಕನ ಕಟ್ಟಪ್ಪಣೆ.

"ಯಾರು?"

"ನಿನ್ನ ಕ್ರಿಮಿ. ಅದೇ ಜಾತಿ, ಅದೇ ಬಗ್ಗದೇ ಇರೋದು. ನಮ್ಮ ಎಣ್ಣೆ ಬಿದ್ದದ್ದೇ ಒಂದೂ ಉಳಿದಿಲ್ಲ. ಕಣ್ಣಾರೆ ನೋಡಿದೆ."

ಅವಳು ಎದ್ದು ಕೂತಳು. ಎಂಟು ತಿಂಗಳಲ್ಲಿ ಯಾರೂ ಹೇಳದೆ ತಾನೇ ಎದ್ದು ಕೂತದ್ದು ಅದೇ ಮೊದಲು. "ನಮ್ಮ ಹುಲ್ಲಿಗಾ? ಇಷ್ಟು ವರ್ಷ ಅದರ ಮಧ್ಯೆಯೇ ಬಿದ್ದಿದ್ದೆನಲ್ರೀ."

"ಅದೇ ಮತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?"

ಎರಡು ಬೆರಳಿನ ಸಂಗತಿ ಅವನಿಗೆ ನೆನಪಾಗದೆ ಇರಲಿಲ್ಲ. ಆದರೆ ಹೆಂಡತಿ ನಗುತ್ತಿದ್ದಳು. ನಗುತ್ತಿರುವವಳ ಮುಂದೆ ನೆಲ ಒರೆಸುವ ಸೀಸೆಯ ವಿಷಯ ತೆಗೆಯಲು ಗಂಡನಾದವನಿಗೆ ಬಾಯಿ ಬರುವುದಿಲ್ಲ. ಕುಡಿಸಬೇಡಿ ಅಂದದ್ದೊಂದನ್ನು ಮಾತ್ರ ಪಾಲಿಸಿದ. ಅದರ ಬದಲು ಒಣಗಿದ ನಿಂಬೆಹುಲ್ಲು ತುಂಬಿ ಅವಳಿಗೊಂದು ದಿಂಬು ಹೊಲಿದು ಕೊಟ್ಟ. ಉಸಿರಾಡುತ್ತಾ ಇರಲಿ, ಒಳಗೆ ಹೋದಷ್ಟು ಹೋಗಲಿ ಅಂತ.

ಎರಡು ವಾರದಲ್ಲಿ ಪವಾಡವಾಯಿತು. ಹೆಂಡತಿಗೆ ಹಸಿವಾಯಿತು. ವಾಂತಿ ನಿಂತಿತು, ಬಾಯಿಯ ತಾಮ್ರ ಹೋಯಿತು, ಅಂಗಾಲಿನ ಉರಿ ತಗ್ಗಿತು. "ಇನ್ನೊಂದು ಸ್ವಲ್ಪ ಅನ್ನ ಹಾಕ್ರೀ" ಅಂದಳು. ಮೇಸ್ತ್ರಿ ಬೀದಿಯುದ್ದಕ್ಕೂ ಹೇಳಿಕೊಂಡು ಬಂದ. ಪಕ್ಕದ ಬಟ್ಟಿಯವನಿಗೆ, "ಡಾಕ್ಟರು ಕೈಚೆಲ್ಲಿದ್ದನ್ನ ದಿಂಬು ಮಾಡ್ತು ನೋಡು" ಅಂದ. ಅವನು, "ಹಾಗಾದ್ರೆ ನನಗೂ ಒಂದು ಹೊಲಿದು ಕೊಡಪ್ಪ, ನನ್ನ ಹೆಂಡತಿಗೆ ಬಾಯಿ ಜಾಸ್ತಿ, ಅದಕ್ಕೇನಾದ್ರೂ ನಾಟುತ್ತಾ ನೋಡ್ತೀನಿ" ಅಂದ. ಮೇಸ್ತ್ರಿ ಅವತ್ತು ನಕ್ಕಷ್ಟು ಆಮೇಲೆ ನಕ್ಕಿಲ್ಲ.

ಇಷ್ಟರಲ್ಲಿ ಮೇಡಂ ಎರಡನೆಯ ಸೀಸೆ ಕೇಳಿದ್ದರು. ಮೇಸ್ತ್ರಿ ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಹುಲ್ಲು ತರಿಸಿ, ಹಂಡೆ ಮೂರು ಸಲ ತೊಳೆದು, ಗೆರೆಯವರೆಗೂ ಶುದ್ಧ ಎಣ್ಣೆ ತುಂಬಿ ಕೊಟ್ಟ. ಜನ್ಮದಲ್ಲಿ ಅಂಥ ಎಣ್ಣೆ ಇಳಿಸಿರಲಿಲ್ಲ. ಆಗ ಒಂದು, ವಾರ ಬಿಟ್ಟು ಇನ್ನೊಂದು.

ಐದಾರು ವಾರಕ್ಕೆ ಕರೆ ಬಂತು. "ಎರಡೂ ಅಷ್ಟಕ್ಕಷ್ಟೇ ಮೇಸ್ತ್ರಿಯವರೇ" ಅಂದರು ಮೇಡಂ. "ತುಂಬಾ ಸುರಿದ್ರೆ ಸ್ವಲ್ಪ ತಡೆಯುತ್ತೆ, ಅಷ್ಟೇ. ಮೊದಲನೇ ಸೀಸೆ ಹಾಗಿರಲಿಲ್ಲ. ಅದರಲ್ಲಿ ಏನು ಬೇರೆ ಇತ್ತು, ನೆನಪು ಮಾಡ್ಕೊಳ್ಳಿ."

"ಹುಲ್ಲು ಬಾಡಿತ್ತು ಮೇಡಂ."

"ಅಷ್ಟೇನಾ?"

"ಅಷ್ಟೇ."

ಹೇಳಿ ಫೋನಿಟ್ಟ. ಕೋಣೆಯೊಳಗಿಂದ ಕೆಮ್ಮು ಕೇಳಿತು. ಹಳೆಯ ಕೆಮ್ಮು. ಹೋದ ವಾರದಿಂದ ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಹವೆ ಬದಲಾಗಿದೆ ಅಂತ ಇಬ್ಬರೂ ಹೇಳಿಕೊಂಡಿದ್ದರು. ಹವೆ ಅಷ್ಟೇನೂ ಬದಲಾಗಿರಲಿಲ್ಲ.

ಮರುದಿನ ಅವಳು ಸ್ನಾನಕ್ಕೆ ಹೋದಾಗ, ಹುಲ್ಲಿನ ಘಾಟು ಇಳಿದಿರಬೇಕು, ಅದಕ್ಕೇ ಹೀಗೆ ಅಂದುಕೊಂಡು ಮೇಸ್ತ್ರಿ ದಿಂಬಿಗೆ ಹೊಸ ಹುಲ್ಲು ತುಂಬಲು ಹೋದ. ಎತ್ತಿದಾಗ ದಿಂಬು ಗಲಗಲ ಅಂದಿತು. ಹುಲ್ಲು ಹಾಗೆ ಸದ್ದು ಮಾಡುವುದಿಲ್ಲ. ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಬಗ್ಗಿಸಿದ. ಹುಲ್ಲಿನ ಜೊತೆ ಚಾಪೆಯ ಮೇಲೆ ಮಾತ್ರೆ ಸುರಿದವು. ಬಿಳಿಯವು, ಹಳದಿಯವು, ಕಂದು ಬಣ್ಣದ ದಪ್ಪವು. ಸುರಿಯುತ್ತಲೇ ಇದ್ದವು.

ಅವಳು ಬಂದು ಬಾಗಿಲಲ್ಲಿ ನಿಂತಳು. ಈ ಸಲ ಹೊಸ್ತಿಲಾಚೆ ಇದ್ದವಳು ಅವಳು.

"ಯಾವಾಗಿಂದ?" ಅಂದ ಮೇಸ್ತ್ರಿ.

"ನೀವು ಸತ್ತಿತು ಅಂದ ದಿನದಿಂದ."

"ನಿಲ್ಲಿಸು ಅಂತ ನಾನು ಅಂದ್ನೇನೇ?"

"ತಗೋ ಅಂತಲೂ ಅನ್ನಲಿಲ್ಲ." ಗೋಡೆ ಹಿಡಿದು ಕೂತಳು. "ನಿಮ್ಮ ಎಣ್ಣೆಗೆ ಸಾಯುತ್ತೆ ಅಂದ್ಮೇಲೆ ಈ ವಿಷ ಯಾಕ್ರೀ ನುಂಗ್ಬೇಕು? ಹತ್ತು ದಿನ ಬಿಟ್ಟು ನೋಡಿದೆ. ಮನುಷ್ಯಳಾದೆ. ಅನ್ನಕ್ಕೆ ಅನ್ನದ ರುಚಿ ಬಂತು. ನೀವೂ ಬೀದಿ ತುಂಬಾ ಹೇಳ್ಕೊಂಡು ಬಂದ್ರಲ್ಲ, ದಿಂಬು ಮಾಡ್ತು ಅಂತ."

ಮೇಸ್ತ್ರಿ ಚಾಪೆಯ ಮೇಲೆ ಕೂತ. ಅವಳಿಗೆ ಹಸಿವು ತಂದದ್ದು ಹುಲ್ಲಲ್ಲ, ಮಾತ್ರೆ ನಿಂತದ್ದು. ತಾನು ಹಿಗ್ಗಿ ಹೇಳಿಕೊಂಡು ತಿರುಗಿದ ಅಷ್ಟೂ ದಿನ ಅವಳ ಎದೆಯೊಳಗೆ ಅದು ನಿಶ್ಚಿಂತೆಯಾಗಿ ಬೆಳೆಯುತ್ತಿತ್ತು.

"ಇವತ್ತಿಂದ ತಗೋ" ಅಂದ.

"ತಗೊಳ್ಳಲ್ಲ. ನನ್ನಿಂದ ಆಗಲ್ಲ ಕಣ್ರೀ. ನಿಮ್ಮ ಎಣ್ಣೆ ಬರೋವರೆಗೆ ಕಾಯ್ತೀನಿ. ಮೇಡಂಗೆ ಬೇಗ ಮಾಡಿ ಅನ್ನಿ."

ಅವಳು ಹಟಮಾರಿ, ಆದರೆ ದಡ್ಡಿಯಲ್ಲ. ನಂಬಿದ್ದಳು, ಅಷ್ಟೇ. ಮೂವತ್ತು ವರ್ಷದಿಂದ ಯಾವ ಸೀಸೆಯಲ್ಲೂ ಸುಳ್ಳು ತುಂಬದ ಗಂಡನನ್ನು ನಂಬಿದ್ದಳು.

ಮೇಸ್ತ್ರಿಗೆ ಉಳಿದ ದಾರಿ ಒಂದೇ. ನೀಲಿ ಸೀಸೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಇವನಿಗೆ ಹುಲ್ಲೂ ಕೈಕೊಟ್ಟಿತ್ತು, ನೆಲ ಒರೆಸುವ ಎಣ್ಣೆಯೇ ಗತಿ. ಕ್ರಿಮಿಯನ್ನು ಕೊಂದದ್ದು ಹುಲ್ಲಲ್ಲವಾದರೆ ಈ ಎರಡು ಬೆರಳೇ ಇರಬೇಕು. ಲವಂಗವೂ ದಾಲ್ಚಿನ್ನಿಯೂ ಹುಲ್ಲೂ ವರ್ಷಗಟ್ಟಲೆ ಒಟ್ಟಿಗೆ ಕೂತು ಏನೋ ಆಗಿರಬೇಕು. ಯಾಕಾಗಬಾರದು? ಮರ್ಯಾದೆ ಹೋದರೆ ಹೋಗಲಿ, ಮದ್ದಾದರೂ ಸಿಗಲಿ. ದಾರಿಯುದ್ದಕ್ಕೂ ಆ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು, ಕಂಡಕ್ಟರ್ ಎರಡು ಸಲ ಕೇಳಿದರೂ ಕೆಳಗಿಡಲಿಲ್ಲ.

ಮೇಡಂ ಮುಂದೆ ಎಲ್ಲ ಹೇಳಿದ. ಬಾಡಿದ ಹುಲ್ಲು, ಎರಡು ಬೆರಳು, ಜೀಪಿನ ಹಾರ್ನ್. ಮೇಡಂ ಮುಖ ಗಟ್ಟಿಯಾಯಿತು. ಮೂರು ತಿಂಗಳ ಕೆಲಸ ಅದು. ಬೈಯುತ್ತಾರೆ ಅಂದುಕೊಂಡ. ಅವರು ಬಿರಡೆ ತೆಗೆದು ಮೂಗಿನ ಹತ್ತಿರ ತಂದರು, ತಟ್ಟನೆ ತಲೆ ಹಿಂದಕ್ಕೆಳೆದುಕೊಂಡರು.

"ಮೇಸ್ತ್ರಿಯವರೇ, ಇದರಲ್ಲಿ ಫಿನಾಯಿಲ್ ಇದೆ."

"ಇಲ್ಲ ಮೇಡಂ. ಲವಂಗ, ದಾಲ್ಚಿನ್ನಿ..."

"ಮೂಗಿಗೆ ಹೊಡೀತಿದೆಯಲ್ರೀ. ನಿಮಗೆ ಗೊತ್ತಾಗ್ತಿಲ್ವಾ?"

ಮೇಸ್ತ್ರಿ ಮೂಸಿದ. ಹುಲ್ಲು, ಲವಂಗ, ದಾಲ್ಚಿನ್ನಿ. ಮತ್ತೆ ಮೂಸಿದ. ಮೇಡಂ ಓಣಿಯಲ್ಲಿ ಹೋಗುತ್ತಿದ್ದ ನೆಲ ಗುಡಿಸುವ ಹೆಂಗಸನ್ನು ಕರೆದು ಸೀಸೆ ಕೊಟ್ಟರು. ಅವಳು ಮೂಸುವ ಗೋಜಿಗೂ ಹೋಗದೆ, "ಫಿನಾಯಿಲ್. ಒಳ್ಳೇ ಗಟ್ಟಿದು" ಅಂದು ಪೊರಕೆ ಎತ್ತಿಕೊಂಡು ಹೊರಟಳು.

"ಮನೇಲಿ ಫಿನಾಯಿಲ್ ಬಳಸ್ತೀರಾ?" ಮೇಡಂ ಮೆಲ್ಲಗೆ ಕೇಳಿದರು.

ಬಳಸುತ್ತಿದ್ದರು. ಉಗುಳುವ ಡಬ್ಬಿಗೆ, ದಿನಾ, ವರ್ಷದಿಂದ. ಮನೆಯ ಗಾಳಿಯೇ ಅದಾಗಿತ್ತು. ದಿನವಿಡೀ ಜೊತೆಗಿರುವ ವಾಸನೆ ಮೂಗಿಗೆ ಕಾಣುವುದಿಲ್ಲ ಅಂತ ಬೀದಿಯ ಎಳೆಯ ಬಟ್ಟಿಯವರಿಗೆಲ್ಲ ಪಾಠ ಹೇಳಿದವನು ಅವನೇ. ಬೀದಿಗೆಲ್ಲ ನ್ಯಾಯ ಹೇಳುವ ಮೂಗು, ಅದರೆದುರಿಗೇ ಕೂತಿದ್ದ ಕಳ್ಳನನ್ನು ನೆಂಟನೆಂದುಕೊಂಡಿತ್ತು.

"ಫಿನಾಯಿಲ್‌ಗೆ ಕ್ಷಯದ ಕ್ರಿಮಿ ಸಾಯುತ್ತೆ" ಅಂದರು ಮೇಡಂ. "ಅದಕ್ಕೇ ಡಬ್ಬಿಗೆ ಹಾಕೋಕೆ ಕೊಡೋದು. ಮನುಷ್ಯರ ಒಳಗೆ ಹಾಕೋಕಾಗಲ್ಲ." ಆಮೇಲೆ ದಿಂಬಿನ ವಿಷಯ ಕೇಳಿ ಅವರು ಬೈಯುವುದನ್ನೇ ಮರೆತರು. "ಎರಡು ತಿಂಗಳ ಹತ್ತಿರ ಬಿಟ್ಟಿದ್ದಾರಾ? ಇವತ್ತೇ ಡಾಕ್ಟರ ಹತ್ತಿರ ಹೋಗಿ. ಉಳಿದ ಮಾತ್ರೆಗಾದ್ರೂ ಅದು ಬಗ್ಗುತ್ತಾ ಅಂತ ಮತ್ತೆ ನೋಡಬೇಕು."

ಡಾಕ್ಟರು, ಕಫ ತನ್ನಿ, ಪರೀಕ್ಷೆಗೆ ವಾರಗಟ್ಟಲೆ ಆಗುತ್ತೆ, ಅಲ್ಲಿಯವರೆಗೆ ಅವೇ ಏಳು ಮಾತ್ರೆ, ದಿನ ಮತ್ತೆ ಒಂದರಿಂದ ಅಂದರು. ಗುಣವಾಗುತ್ತಾ ಅಂತ ಕೇಳಿದ. ಅವರು ಮುಂದಿನವರನ್ನು ಕರೆಯಿರಿ ಅಂತ ಹೇಳುವ ಮೊದಲು ಒಂದು ಗಳಿಗೆ ಅವನ ಮುಖ ನೋಡಿದರು.

ಮನೆಗೆ ಬಂದು ಹೊಸ್ತಿಲ ಮೇಲೆ ಕೂತ. ನೀಲಿ ಸೀಸೆಯನ್ನು ಇಬ್ಬರ ನಡುವೆ ಇಟ್ಟ.

"ಇದಕ್ಕೆ ಫಿನಾಯಿಲ್ ಯಾರೇ ಹಾಕಿದ್ದು?"

"ನಾನೇ. ಅಕ್ಕ ಹೊಸದು ಕೊಟ್ಟಾಗ ಹಳೇದು ಉಳಿದಿರೋದಲ್ಲ, ಚೆಲ್ಲೋದ್ಯಾಕೆ ಅಂತ. ಎರಡೂ ನೆಲಕ್ಕೇ ತಾನೆ. ಯಾಕೆ?"

ಹೇಳಿದ. ಒಂದನ್ನೂ ಬಿಡದೆ ಹೇಳಿದ, ಬಸ್ಸಿನಲ್ಲಿ ಬೀಳಿಸಿ ಬಂದ ಅರ್ಧ ಮಾತನ್ನೂ ಸೇರಿಸಿ. ತಾನು ಬೆರಕೆ ಮಾಡಿದೆ ಅನ್ನುವಾಗ ಸೀಸೆಯ ಬಿರಡೆಯನ್ನು ಇನ್ನಷ್ಟು ಒತ್ತಿ ಕೂರಿಸಿದ. ಹೆಂಡತಿ ಸತ್ತರೂ ಇಷ್ಟು ಸಂಕಟವಾಗಲಾರದು ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಅವಳು ಸೀಸೆಯನ್ನು ತನ್ನತ್ತ ಎಳೆದುಕೊಂಡಳು. "ಅಂದ್ರೆ ನಾನು ಉಗುಳೋ ಡಬ್ಬಿಗೆ ಹಾಕೋದನ್ನೇ ನೀವು ತಗೊಂಡು ಹೋಗಿ, ಅದಕ್ಕೆ ಸತ್ತಿತು ಅಂತ ನನಗೇ ಬಂದು ಹೇಳಿದ್ರಿ."

"ಹೂಂ."

"ನಿಮ್ಮ ಮೂಗಿಗೆ ಗೊತ್ತಾಗಲಿಲ್ಲ."

"ಇಲ್ಲ."

ಅವಳಿಗೆ ನಗು ಬಂತು. ಸಣ್ಣಗೆ ಶುರುವಾದದ್ದು ಹೊಟ್ಟೆ ಹಿಡಿಯುವಷ್ಟಾಯಿತು, ನಡುವೆ ಎಲ್ಲೋ ಕೆಮ್ಮಾಗಿ ತಿರುಗಿತು, ನಿಲ್ಲಲಿಲ್ಲ. ಡಬ್ಬಿಯ ಮುಚ್ಚಳ ಹಾಕುವ ಮುಂಚೆ ಒಳಗೆ ಬಿದ್ದ ಕೆಂಪನ್ನು ಇಬ್ಬರೂ ನೋಡಿದರು.

"ನೀರು ತನ್ನಿ" ಅಂದಳು ಕೊನೆಗೆ. "ಆ ದಪ್ಪನೆ ಕಂದು ಇದೆಯಲ್ಲ, ಅದನ್ನ ಮೊದಲು ಕೊಡಿ. ಅದೊಂದು ಹೋದ್ರೆ ಮಿಕ್ಕಿದ್ದು ಹೆಂಗೋ."

ಈಗ ಮಾತ್ರೆ ಅಕ್ಕ ಮತ್ತೆ ದಿನಾ ಬರುತ್ತಾಳೆ, ಬಾಯಿ ತೆರೆಸುತ್ತಾಳೆ, ಮೇಸ್ತ್ರಿಯ ಮುಖ ನೋಡುವುದಿಲ್ಲ. ಇಪ್ಪತ್ತಮೂರು ದಿನವಾಯಿತು. ಪರೀಕ್ಷೆಯ ಫಲ ಬಂದಿಲ್ಲ. ಜ್ವರ ಒಂದು ದಿನ ಇಳಿದರೆ ಎರಡು ದಿನ ಏರುತ್ತೆ. ಅನ್ನಕ್ಕೆ ಮತ್ತೆ ತಾಮ್ರದ ರುಚಿ. ನೀಲಿ ಸೀಸೆಯನ್ನು ಮೇಸ್ತ್ರಿ ಚಪ್ಪರದ ಮೂಲೆಯಲ್ಲೇ ಇಟ್ಟಿದ್ದಾನೆ, ನೆಲಕ್ಕೂ ಬಳಸುವುದಿಲ್ಲ. ದಿನಾ ಹಂಡೆಗೆ ಉರಿ ಹಾಕುವ ಮೊದಲು ಬೀದಿಯ ತುದಿಯವರೆಗೆ ಹೋಗಿ ಗಾಳಿ ಕುಡಿದು ಬರುತ್ತಾನೆ. ಬಂದು ಒಳಗೆ ಕಾಲಿಟ್ಟಾಗ ಒಂದೆರಡು ಉಸಿರಿನ ಮಟ್ಟಿಗೆ ಫಿನಾಯಿಲ್ ತಿಳಿಯುತ್ತದೆ. ಆಮೇಲೆ ಇಲ್ಲ.

ಆ ಒಂದೆರಡು ಉಸಿರಿನೊಳಗೆ ಹೊಸ್ತಿಲಿಗೆ ಬಂದರೆ, ಅವಳೇ ದಿಂಬನ್ನು ಅವನತ್ತ ನೂಕುತ್ತಾಳೆ.

"ಮೂಸಿ ನೋಡಿ, ಮೇಸ್ತ್ರಿಗಳೇ. ಕಳ್ಳಮಾಲು ಇದೆಯಾ?"

ಅವನು ಎತ್ತಿ, ಕಿವಿಯ ಹತ್ತಿರ ಅಲುಗಿಸಿ, ಆಮೇಲೆ ಮೂಸುತ್ತಾನೆ. ಹಳೆಯ ಹುಲ್ಲು. ಬೆವರು.

"ಇಲ್ಲ" ಅನ್ನುತ್ತಾನೆ.

"ನಿಮ್ಮ ಮೂಗನ್ನ ನಂಬಬಹುದಾ?"

ಅವನು ಹೊಲಿಗೆ ಬಿಚ್ಚಿ, ಕೈ ಹಾಕಿ, ಹುಲ್ಲಿನೊಳಗೆಲ್ಲ ತಡಕಿ ನೋಡುತ್ತಾನೆ.